ಮಾನ್ವಿಯೋ ರಾಯಚೂರೋ ಎಂಬ ಹನ್ನೊಂದು ಪುಟ

ಸಲಹೆ ಕೊಡುವವರನ್ನು ಎಣಿಸಬಾರದು. ಎಣಿಸಿದರೆ ಸಲಹೆಯ ಮೇಲಿನ ನಂಬಿಕೆಯೂ ಹೋಗುತ್ತದೆ, ಮನುಷ್ಯರ ಮೇಲಿನ ನಂಬಿಕೆಯೂ ಹೋಗುತ್ತದೆ. ನಾನು ಎಣಿಸಿದೆ. ಪಿಯುಸಿ ಫಲಿತಾಂಶ ಬಂದ ದಿನದಿಂದ ಮೂರು ವಾರಗಳಲ್ಲಿ ಇಪ್ಪತ್ತಾರು ಜನ ನನಗೆ ಕಾಲೇಜು ಆರಿಸಿಕೊಟ್ಟರು. ಅವರಲ್ಲಿ ಕಾಲೇಜಿನ ಒಳಗೆ ಕಾಲಿಟ್ಟವರು ನಾಲ್ವರು. ಆ ನಾಲ್ವರಲ್ಲೊಬ್ಬ ಅಲ್ಲಿಗೆ ಬಣ್ಣ ಬಳಿಯಲು ಹೋಗಿದ್ದ. ಇದೆಲ್ಲ ನನ್ನ ದಿನಚರಿಯಲ್ಲಿ ತಾರೀಕಿನ ಸಮೇತ ಇದೆ. ಈ ಬರೆಯುವ ಚಟ ಅಂಟಿದ್ದು ಅವ್ವನಿಂದ. ಅವಳು ದೇವದುರ್ಗದಲ್ಲಿ ಆಶಾ ಕಾರ್ಯಕರ್ತೆ; ಗರ್ಭಿಣಿಯರ ಹೆಸರು, ಕೂಸುಗಳ ತೂಕ, ಲಸಿಕೆಯ ದಿನ ಎಂದು ಅವಳು ಮನೆಮನೆ ತಿರುಗಿ ಬಂದು ಹೇಳಿದ್ದನ್ನು ಆರನೇ ಕ್ಲಾಸಿನಿಂದ ನಾನೇ ರಿಜಿಸ್ಟರಿಗೆ ಇಳಿಸುತ್ತಿದ್ದೇನೆ. ಗೆರೆ ಎಳೆಯದೆ ನನಗೆ ಯೋಚನೆಯೇ ಬರುವುದಿಲ್ಲ.

ನಾನು ನರ್ಸಿಂಗ್ ಓದಬೇಕು ಎನ್ನುವುದರಲ್ಲಿ ಮನೆಯಲ್ಲಿ ತಕರಾರಿರಲಿಲ್ಲ. ಎಲ್ಲಿ ಎನ್ನುವುದೇ ತಕರಾರು. ಮಾನ್ವಿಯಲ್ಲಿ ಮೂರು ವರ್ಷದ ಡಿಪ್ಲೊಮಾ. ಫೀಸು ಕಡಿಮೆ, ಉಳಿಯಲು ಅಪ್ಪನ ಅಕ್ಕನ ಮನೆ ಇದೆ. ರಾಯಚೂರಲ್ಲಿ ನಾಲ್ಕು ವರ್ಷದ ಡಿಗ್ರಿ. ಫೀಸು ಹೆಚ್ಚು, ಮೇಲೆ ಹಾಸ್ಟೆಲ್ಲು. ಅಪ್ಪ ಗೌಂಡಿ, ಗೋಡೆ ಕಟ್ಟುವವನು. ಒಂದು ವರ್ಷ ಕಡಿಮೆ, ಖರ್ಚೂ ಕಡಿಮೆ, ಇದರಲ್ಲಿ ಯೋಚಿಸಲು ಏನಿದೆ ಎನ್ನುವುದು ಅವನ ವಾದ. ಅವ್ವ ವಾದ ಮಾಡಲಿಲ್ಲ. ಒಂದು ಸಂಜೆ ರೊಟ್ಟಿ ತಟ್ಟುತ್ತಲೇ ಇಷ್ಟು ಹೇಳಿದಳು: "ರಿಜಿಸ್ಟರ್ ಹೊತ್ತು ತಿರುಗಾಕಿ ನಾನು. ಉಪಕೇಂದ್ರದಾಗ ಕುಂತು ಸಹಿ ಮಾಡಾಕಿ ನಿನಗಿಂತ ನಾಕು ವರ್ಷ ದೊಡ್ಡಾಕಿ ಇರಬೇಕು. ಆ ಕುರ್ಚಿಗೆ ಡಿಗ್ರಿ ಬೇಕಂತ. ನನಗ ಅಷ್ಟ ಗೊತ್ತು."

ಅಷ್ಟಕ್ಕೇ ತೀರ್ಮಾನ ಮಾಡಿಬಿಡಬಹುದಿತ್ತು. ನಾನು ಹಾಗೆ ಮಾಡುವವಳಲ್ಲ. ಎರಡು ಊರಿಗೂ ಹನ್ನೊಂದು ಪುಟ ಗೆರೆ ಎಳೆದು ಫೀಸು, ಪುಸ್ತಕ, ಬಿಳಿ ಬಟ್ಟೆ, ಬಸ್ಸು, ಊಟ ಎಂದು ಬರೆದುಕೊಂಡು ಮಾನ್ವಿಗೆ ಹೋದೆ. ಅತ್ತೆ ಆಗಲೇ ಒಂದು ಕೋಣೆ ಖಾಲಿ ಮಾಡಿ, ಜೋಳದ ಚೀಲಗಳನ್ನು ಪಡಸಾಲೆಗೆ ಸಾಗಿಸಿದ್ದಳು. ನಾನು ಮುಖ ತೊಳೆದು ಬರುವಷ್ಟರಲ್ಲಿ ಅವಳ ಕೈಯಲ್ಲಿ ನನ್ನ ದಿನಚರಿ. ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದಳು. ಬೆರಳು ನಿಂತದ್ದು 'ವಾಸ, ಊಟ: ಅತ್ತೆ ಮನೆ' ಎಂಬ ಸಾಲಿನಲ್ಲಿ. ಅದರ ಮುಂದೆ ನಾನು ಅಂದವಾಗಿ ಒಂದು ಸೊನ್ನೆ ಬರೆದಿದ್ದೆ.

"ಮೂರು ವರ್ಷ ನಸುಕಿನ್ಯಾಗ ಎದ್ದು ನಿನಗ ರೊಟ್ಟಿ ಬಡಿಯೂದು ಸೊನ್ನಿ ಆತೇನು ಬೇ?"

ಈ ಪಟ್ಟಿಯಲ್ಲಿ ಅಂಕಿ ಸಣ್ಣದಾದಷ್ಟೂ ಒಳ್ಳೆಯದು, ಸೊನ್ನೆಗಿಂತ ದೊಡ್ಡ ಮರ್ಯಾದೆ ಇಲ್ಲ ಎಂದು ವಿವರಿಸಿದೆ. ಹೊಗಳಲು ನನಗೆ ಬೇರೆ ಅಂಕಿ ಸಿಗಲಿಲ್ಲವೇ ಎಂದು ಕೇಳಿದಳು. ಅಂದು ಊಟಕ್ಕೆ ಶೇಂಗಾ ಚಟ್ನಿ ಬರಲಿಲ್ಲ. ಅದನ್ನೂ ಬರೆದಿಟ್ಟೆ.

ಮರುದಿನ ಕಾಲೇಜಿನಲ್ಲಿ ಎರಡನೇ ವರ್ಷದ ಹುಡುಗಿಯೊಬ್ಬಳನ್ನು ಹಿಡಿದು ನನ್ನ ಪ್ರಶ್ನೆಗಳನ್ನೆಲ್ಲ ಕೇಳಿದೆ. ಅವಳು ನಿಟ್ಟುಸಿರು ಬಿಡುತ್ತಲೇ ಉತ್ತರಿಸಿ, ಕೊನೆಗೆ ತಾನಾಗಿ ಒಂದು ಮಾತು ಹೇಳಿದಳು: ವಾರದಲ್ಲಿ ನಾಲ್ಕು ದಿನ ಆಸ್ಪತ್ರೆಯ ಕಲಿಕೆ ರಾಯಚೂರಿನಲ್ಲೇ, ಮೊದಲ ಬಸ್ಸಿಗೆ ಹೋಗಬೇಕು, ಬಸ್ಸಿನ ಖರ್ಚು ನಮ್ಮದೇ. ಅಂದರೆ ರಾಯಚೂರು ದುಬಾರಿ ಎಂದು ಮಾನ್ವಿಗೆ ಬಂದವಳು ವಾರಕ್ಕೆ ನಾಲ್ಕು ದಿನ ದುಡ್ಡು ಕೊಟ್ಟು ರಾಯಚೂರಿಗೆ ಹೋಗಬೇಕು. ಬಸ್ಸಿನ ಕಾಲಂ ತಿದ್ದಿದೆ. ಒಂದು ವರ್ಷದ ಖರ್ಚಿನಲ್ಲಿ ಎರಡು ಊರಿಗೂ ಇದ್ದ ಅಂತರ ಒಂದು ಜೊತೆ ಬಿಳಿ ಬೂಟಿನಷ್ಟಕ್ಕೆ ಇಳಿಯಿತು. ಉಳಿದದ್ದು ಆ ನಾಲ್ಕನೇ ವರ್ಷ. ಅದರ ಎದುರಿಗೆ ಅವ್ವನ ಕುರ್ಚಿ.

ದೇವದುರ್ಗಕ್ಕೆ ಮರಳಿ, ಶುಕ್ರವಾರ ಊಟಕ್ಕೆ ಕೂತಾಗ ರಾಯಚೂರು ಎಂದು ಘೋಷಿಸಿದೆ. ಅಲ್ಲಿ ಸೇರಿಕೊಳ್ಳಲು ಶನಿವಾರ ಸಂಜೆ ನಾಲ್ಕೇ ಕೊನೆ. ಅಪ್ಪ ತುತ್ತು ನುಂಗಿ, ನನ್ನ ಅಂಕಪಟ್ಟಿ, ಟಿಸಿ ಎಲ್ಲ ಸೋಮವಾರದಿಂದ ಮಾನ್ವಿಯ ಕಾಲೇಜಿನಲ್ಲಿವೆ ಎಂದ. ಝೆರಾಕ್ಸ್ ಅಲ್ಲ, ಅಸಲಿ. ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುತ್ತಾರೆ. ಅಪ್ಪ ಅದರಲ್ಲಿ ನಿಸ್ಸೀಮ. ನನ್ನ ಅಂಕಪಟ್ಟಿಯನ್ನೂ ಹಾಗೇ ಒಗೆದು ಬಂದಿದ್ದ. "ಸೀಟು ಹೋಗಬಾರ್ದಂತ ಹಿಡದಿಟ್ಟೀನಿ, ಬ್ಯಾಡಂದ್ರ ತಗೊಂಬಂದ್ರಾತು" ಎಂದ. ಟವೆಲ್ಲಿಗೆ ರಸೀದಿ ಕೇಳುವವರಿಲ್ಲ, ಕಾಲೇಜಿನವರು ಕೇಳುತ್ತಾರೆ ಎಂದರೆ, ಅವರು ರಸೀದಿಯೇ ಕೊಟ್ಟಿಲ್ಲವಲ್ಲ ಎಂದ. ಮೂರು ಸೆಟ್ ಝೆರಾಕ್ಸ್ ಮಾಡಿ, ಒಂದೊಂದಕ್ಕೂ ನಂಬರು ಹಾಕಿಟ್ಟಿದ್ದ ನಾನು, ಅಸಲಿ ಪೆಟ್ಟಿಗೆಯಲ್ಲಿದೆಯೇ ಎಂದು ಐದು ದಿನ ನೋಡಿರಲಿಲ್ಲ.

ಬೇರೆ ದಾರಿಯಿಲ್ಲದೆ ಅತ್ತೆಗೆ ಫೋನು ಮಾಡಿದೆ. ಅವಳು ಪೂರ್ತಿ ಕೇಳಿ ಫೋನು ಇಟ್ಟುಬಿಟ್ಟಳು. ಶನಿವಾರ ಬೆಳಿಗ್ಗೆ ಅವಳು ಮಾನ್ವಿಯ ಕಾಲೇಜಿನ ಆಫೀಸಿಗೆ ಹೋದರೆ ಸೋಮವಾರ ಬರ್ರಿ ಎಂದರಂತೆ. ಅತ್ತೆ ಅಲ್ಲೇ ಬೆಂಚಿನ ಮೇಲೆ ಕೂತು ಗುಮಾಸ್ತನಿಗೆ ಯಾವೂರಪ್ಪಾ ಎಂದು ಕೇಳಿದಳು. ಹಿರೇಕೊಟ್ನೆಕಲ್ ಎಂದ. ಯಾರ ಮಗ ಎಂದಳು. ಅರ್ಧ ಗಂಟೆಯಲ್ಲಿ ಅವನು ಅವಳಿಗೆ ಅಳಿಯನ ವರಸೆಯಾದ. ಇನ್ನರ್ಧ ಗಂಟೆಯಲ್ಲಿ ಕಪಾಟಿನ ಬೀಗ ತೆಗೆದ.

ಎರಡೂವರೆಗೆ ಅತ್ತೆ, ನಾನೂ ಅವ್ವನೂ ಕಾಯುತ್ತಿದ್ದ ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಸೆರಗಿನಡಿಯಿಂದ ಫೈಲು ತೆಗೆದು ನನ್ನ ಕೈಗಿಟ್ಟಳು. "ನನ್ನ ಮನಿಗಿ ಬರಂಗಿಲ್ಲ ಅನ್ನಾಕ ನನ್ನ ಕೈಲೇ ಕಾಗದ ತರಿಸಿದಿ. ಇರ್ಲಿ, ನಡಿ, ಹೊತ್ತಾಗ್ತದ."

ಕಾಲೇಜಿನ ಕೌಂಟರಿಗೆ ಮುಟ್ಟಿದಾಗ ಮೂರೂ ಇಪ್ಪತ್ತು. ಅವ್ವ ಪಕ್ಕದಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದಳು. ಫಾರ್ಮಿನ ಕೊನೆಯಲ್ಲಿ ಒಂದು ಪ್ರಶ್ನೆ: ಈ ಕಾಲೇಜನ್ನೇ ಏಕೆ ಆರಿಸಿಕೊಂಡಿರಿ? ಉತ್ತರಕ್ಕೆ ಒಂದೇ ಗೆರೆ. ಪೆನ್ನು ಹಿಡಿದು ನಿಂತೆ. ಬೂಟು, ಬಸ್ಸು, ಕುರ್ಚಿ, ಯಾವುದೂ ಒಂದು ಗೆರೆಯೊಳಗೆ ಕೂರಲಿಲ್ಲ. ಹಿಂದಿನವರು ಲಗೂನ ಲಗೂನ ಎನ್ನುತ್ತಿದ್ದರು. ಪಕ್ಕದಲ್ಲಿ, ರಾಯಚೂರಿನ ಮಗ್ಗುಲಲ್ಲೇ ಇರುವ ಚಂದ್ರಬಂಡದ ಹುಡುಗಿಯೊಬ್ಬಳು ಎರಡೇ ಶಬ್ದ ಬರೆದು ಮುಗಿಸಿದ್ದಳು. ಬಗ್ಗಿ ನೋಡಿದೆ, ಅದನ್ನೇ ಇಳಿಸಿಬಿಟ್ಟೆ: 'ಊರಿಗೆ ಹತ್ತಿರ.'

ಕೌಂಟರಿನ ಗುಮಾಸ್ತ ಅದನ್ನು ಓದಿ, ಮೇಲೆ ನನ್ನ ವಿಳಾಸದಲ್ಲಿದ್ದ ದೇವದುರ್ಗವನ್ನು ಓದಿ, ನನ್ನ ಮುಖವನ್ನು ಒಂದು ಸಲ ನೋಡಿ, ಮುದ್ರೆ ಒತ್ತಿದ.