ಬೆರಳು ಎಲ್ಲಿತ್ತು?

ತಪ್ಪು ಕಂಪನಿಯದು, ಕೈಕಟ್ಟಿ ನಿಲ್ಲುವವನು ಗಿರಾಕಿ. ಆಕ್ಲೆಂಡಿಗೆ ಬಂದಾಗಿನಿಂದ ಫೋನು, ಫ್ರಿಜ್ಜು, ಕಾರು, ಎಲ್ಲದರಲ್ಲೂ ನನಗೆ ಇದೇ ಆಗುತ್ತ ಬಂದಿದೆ. ಆದರೆ ಫ್ರಿಜ್ಜು ಯಾವತ್ತೂ ನನ್ನ ಕಾಲಿಗೆ ಗುರಿ ಇಟ್ಟಿರಲಿಲ್ಲ.

೧. ಬೂಟಿನ ಪಕ್ಕ

ಶನಿವಾರ, ಶೂಟಿಂಗ್ ಕ್ಲಬ್ಬು. ತಿಂಗಳ ಹಿಂದೆ ಕೊಂಡ ಹೊಸ ಪಿಸ್ತೂಲಿಗೆ ಗುಂಡು ತುಂಬಿ ಸೊಂಟದ ಒರೆಗೆ ಇಳಿಸಿದೆ, ಕೈ ಬಿಟ್ಟೆ. ಢಂ! ಬೂಟಿನಿಂದ ಒಂದು ಗೇಣು ದೂರದಲ್ಲಿ ಮಣ್ಣು ಹಾರಿತು.

ಸುರಕ್ಷತೆ ನೋಡಿಕೊಳ್ಳುವ ಮುದುಕ ದಾಖಲೆ ಪುಸ್ತಕ ಹಿಡಿದು ಬಂದ. ಹಿಂದೆ ಬಸ್ಸು ಓಡಿಸುತ್ತಿದ್ದವನು, ಚಳಿಗಾಲದಲ್ಲೂ ಚಡ್ಡಿ.

"ಬೆರಳು ಎಲ್ಲಿತ್ತು?"

"ಟ್ರಿಗರಿನ ಹೊರಗಿತ್ತು."

"ಎಲ್ಲರೂ ಹಾಗೇ ಹೇಳ್ತಾರೆ."

ಮುಂದಿನ ತಿಂಗಳು ಸಮಿತಿ ಸೇರುತ್ತದೆ. ನನ್ನದೇ ಅಜಾಗರೂಕತೆ ಎಂದರೆ ಕ್ಲಬ್ಬಿನಿಂದ ಹೊರಗೆ. ಕ್ಲಬ್ಬಿಲ್ಲದವನು ಈ ದೇಶದಲ್ಲಿ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. ಅದಕ್ಕಿಂತ ದೊಡ್ಡದು, ಅಪಾಯದ ಮನುಷ್ಯ ಎಂಬ ಹೆಸರು ಜೀವನವಿಡೀ ಅಂಟುತ್ತದೆ. "ಅಲ್ಲಿಯವರೆಗೆ ನಾನು ಬರಬಹುದಾ?" ಎಂದೆ.

"ಧಾರಾಳವಾಗಿ ಬಾ. ಪಿಸ್ತೂಲು ಬೇಡ. ಹುಲ್ಲು ಕತ್ತರಿಸೋದಿದೆ."

೨. ಗ್ರಾಹಕ ಸೇವೆ

ಕಂಪನಿಗೆ ಫೋನು ಮಾಡಿದೆ. ಮುಕ್ಕಾಲು ಗಂಟೆ ಪಿಯಾನೋ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ಪಿಸ್ತೂಲು ಹಾರ್ತಿಲ್ವಾ ಸರ್?"

"ಹಾರಿತು. ಅದೇ ತೊಂದರೆ."

ಕೀಲಿಮಣೆ ಟಕಟಕ ಎಂದಿತು. "ಹಾಗಿದ್ರೆ ಕೆಲಸ ಮಾಡ್ತಾ ಇದೆ ಸರ್."

"ಅಮ್ಮಾ, ಯಾರೂ ಮುಟ್ಟದೇ ಹಾರಿತು!"

"ನನ್ನ ಪಟ್ಟಿಯಲ್ಲಿ 'ಹಾರುತ್ತಿಲ್ಲ' ಅನ್ನೋದು ಮಾತ್ರ ಇದೆ ಸರ್. ಸಮಸ್ಯೆ ಬಗೆಹರಿದಿದೆ ಅಂತ ಹಾಕ್ಲಾ?"

ನಾನು ಬೈಯುವಷ್ಟರಲ್ಲಿ ಹಾಕಿಬಿಟ್ಟಳು. ಸಂಜೆ ಸಂದೇಶ ಬಂತು: ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?

೩. ಕುಂಕುಮ

ಅಂಗಡಿಯವನ ಕಾಲು ಹಿಡಿದು ಪಿಸ್ತೂಲನ್ನು ಕಂಪನಿಯ ಪರೀಕ್ಷೆಗೆ ಕಳಿಸಿದೆ. ವರದಿ ಬಂತು: ಹಿಡಿಯ ಸಂದಿಯಲ್ಲಿ ಕೆಂಪು ಮತ್ತು ಹಳದಿ ಪುಡಿ ಪತ್ತೆಯಾಗಿದೆ, ಕಂಪನಿ ಒಪ್ಪದ ವಸ್ತು ಬಳಸಿದ್ದರಿಂದ ಗ್ಯಾರಂಟಿ ರದ್ದು.

ಪಿಸ್ತೂಲು ತಂದ ವಾರವೇ ದಸರೆ ಬಂದಿತ್ತು, ಆಯುಧ ಪೂಜೆ ಮಾಡಿದ್ದು ನಿಜ. ಲೈಸೆನ್ಸು ನನ್ನದು, ಹೆಂಡತಿ ಮುಟ್ಟುವಂತಿಲ್ಲ. ಅವಳು ಬಾಗಿಲಲ್ಲಿ ನಿಂತು "ಇನ್ನೊಂಚೂರು ಮ್ಯಾಲೆ ಹಚ್ಚರಿ" ಎನ್ನುತ್ತಿದ್ದಳು, ನಾನು ಹಚ್ಚುತ್ತಿದ್ದೆ. ಪಕ್ಕದ ಮನೆಯ ಗಿಡದ ನಿಂಬೆಹಣ್ಣನ್ನೂ ಇಟ್ಟೆ. ಮರುದಿನ ಒರೆಸಿದ್ದೆ, ಅರಿಸಿನ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

ವರದಿ ಓದಿ ಹೆಂಡತಿಗೆ ಹೇಳಿದೆ. ಪಾಪಟೊಯ್ಟೊಯ್ ಬಡಾವಣೆಯ ನಮ್ಮ ಅಡುಗೆಮನೆ ಅದುರಿತು.

"ಹನ್ನೆರಡ ವರ್ಷ ಆತು ಮಿಕ್ಸರಿಗೆ ಕುಂಕುಮ ಹಚ್ಚಾಕತ್ತು! ಒಂದ ದಿನರೆ ತಾನ ಎದ್ದು ಚಟ್ನಿ ರುಬ್ಬೇತೇನ್ರಿ?"

೪. ಬೆರಳಿಗೆ ಕ್ಷಮೆ

ಇಂಗ್ಲಿಷನ್ನು ನಾನು ಶಾಲೆಯಲ್ಲಿ ಕಲಿತದ್ದಲ್ಲ, ದೂರು ಬರೆದು ಬರೆದು ಕಲಿತದ್ದು. ಸುತ್ತಲಿನ ಕ್ಲಬ್ಬುಗಳ ಗೋಡೆಗೆಲ್ಲ ಚೀಟಿ ಅಂಟಿಸಿದೆ: "ಈ ಮಾದರಿಯ ಪಿಸ್ತೂಲು ಮುಟ್ಟದೆಯೇ ಹಾರುತ್ತದೆ. ನಿಮ್ಮದೂ ಹಾರಿತೇ?"

ತಕಾನಿನಿ ಬಡಾವಣೆಯಿಂದ ಒಬ್ಬ ಬಂದ. ದೈತ್ಯ ದೇಹ, ಬಡಗಿ ಕೆಲಸ. ಅವನದೂ ಇದೇ ಮಾದರಿ, ಎರಡು ವರ್ಷದ ಹಿಂದೆ ಹಾರಿ ತೊಡೆ ಸವರಿ ಹೋಗಿತ್ತು. ಪಿಸ್ತೂಲಿನದೇ ತಪ್ಪಿರಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾಚಿಕೆಗೆ ಕ್ಲಬ್ಬು ಬಿಟ್ಟಿದ್ದ. ಮಗನನ್ನು ಎತ್ತಿಕೊಳ್ಳಲೂ ಈ ಕೈಗೆ ಹೆದರಿಕೆ ಎಂದ.

ಕಂಪನಿಯೇ, ನೀನು ಮುರಿದದ್ದು ಇದನ್ನು. ಇದಕ್ಕೆ ನಿನ್ನ ಬಿಡಿಭಾಗ ಎಲ್ಲಿದೆ?

ಬೆರಳು ಹೊರಗಿದ್ದೂ ಹಾರಿತೆಂದು ನಾನು ಬರೆದಿದ್ದ ದೂರನ್ನು ಅವನು ಮೂರು ಸಲ ಓದಿದ. ಆಮೇಲೆ ಬಲಗೈಯ ತೋರುಬೆರಳನ್ನು ಮುಖದ ಮುಂದೆ ಹಿಡಿದು ಗಂಭೀರವಾಗಿ ಹೇಳಿದ: "ಸಾರಿ, ಮಾರಾಯ."

೫. ಪ್ರಾತ್ಯಕ್ಷಿಕೆ

ಸಮಿತಿಯ ದಿನ ಬಡಗಿಯೂ ಬಂದ, ಇಬ್ಬರೂ ಹೇಳಿಕೆ ಕೊಟ್ಟೆವು, ಪೂಜೆಯ ಕತೆಯನ್ನೂ ಹೇಳಿದೆ. ಕಂಪನಿ ತನ್ನ ಪ್ರತಿನಿಧಿಯನ್ನು ಕಳಿಸಿತ್ತು. ಇಸ್ತ್ರಿ ಮಾಡಿದ ಶರ್ಟು, ಹೊಳೆಯುವ ಬೂಟು. ನಮ್ಮೆದುರೇ ಡಬ್ಬಿ ಒಡೆದು ಅದೇ ಮಾದರಿಯ ಹೊಸ ಪಿಸ್ತೂಲು ತೆಗೆದ. ಗುಂಡು ಹಾರಿಸುವ ಜಾಗದಲ್ಲಿ ನಿಂತು, ಗುಂಡು ತುಂಬಿ ಒರೆಗೆ ಇಳಿಸಿದ.

"ಖಾಲಿ ಪಿಸ್ತೂಲಲ್ಲೇ ತೋರಿಸು," ಎಂದ ಮುದುಕ.

"ನಮ್ಮ ಮಾಲಿನ ಮೇಲೆ ನಮಗೆ ನಂಬಿಕೆಯಿದೆ." ನನ್ನ ಕಡೆ ನೋಡಿ ನಕ್ಕ. ಎರಡೂ ಕೈ ಮೇಲೆತ್ತಿದ. "ನೋಡಿ, ಗ್ರಾಹಕರು ಮಸಾಲೆ ಹಾಕದಿದ್ದರೆ ಇದು ತಾನಾಗಿ..."

ಢಂ!

ಹೊಳೆಯುವ ಬೂಟಿನ ಮೇಲೆ ಮಣ್ಣು ಬಿತ್ತು. ಅವನ ಕೈಗಳು ಮೇಲೇ ಉಳಿದವು, ಯಾರೋ ದರೋಡೆ ಮಾಡುತ್ತಿರುವ ಹಾಗೆ.

ಮುದುಕ ನಿಧಾನಕ್ಕೆ ಪುಸ್ತಕ ತೆರೆದ.

"ಬೆರಳು ಎಲ್ಲಿತ್ತು?"

"ಹೊ... ಹೊರಗಿತ್ತು!"

"ಎಲ್ಲರೂ ಹಾಗೇ ಹೇಳ್ತಾರೆ."

ಆಮೇಲೆ ಹಿಂದಿನ ಪುಟ ತಿರುವಿ, ನನ್ನ ಹೆಸರಿನ ಎದುರಿದ್ದ ದೂರನ್ನು ದಪ್ಪ ಗೀಟು ಎಳೆದು ಹೊಡೆದುಹಾಕಿದ. ಬಡಗಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಮುದುಕ ಕನ್ನಡಕ ಇಳಿಸಿ ನನ್ನನ್ನು ನೋಡಿದ. "ಇದಕ್ಕೂ ಪೂಜೆ ಮಾಡಿದ್ದೀಯೇನು?"

"ಇಲ್ಲ," ಎಂದೆ. "ಪೂಜೆ ಮಾಡಿದ್ದಕ್ಕೇ ನನ್ನದು ಒಂದು ತಿಂಗಳು ಸುಮ್ಮನಿತ್ತು."