ದುರ್ಬೀನಿಗೆ ತೊಡಿಸಿದ ಕೋಡುಬಳೆ

ತಪ್ಪು ನನ್ನದೇ. ಮೊದಲ ಸಾಲಿನಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಏಕೆಂದರೆ ಕೀನ್ಯಾದಲ್ಲಿ ಇದೇ ಎರಡು ಪದ ಹೇಳುವುದಕ್ಕೆ ನನಗೆ ಎರಡು ದಿನ ಸಾಲಲಿಲ್ಲ. ತೀರಿಕೊಂಡ ಹಿರಿಯರೊಬ್ಬರ ದುರ್ಬೀನಿನ ಪೆಟ್ಟಿಗೆಯಲ್ಲಿ ನಾನು ಕೋಡುಬಳೆ ಬಚ್ಚಿಟ್ಟೆ. ಓದಿದವನು, ಪಾಸ್‌ಪೋರ್ಟ್ ಇರುವವನು ಮಾಡುವ ಕೆಲಸವೇ ಇದು? ಮಾಡಿದೆ.

ಆ ಹಿರಿಯರು ನನ್ನ ಗೆಳೆಯ ಇರ್ಫಾನನ ಅಪ್ಪ. ಇರ್ಫಾನನ ಮನೆ ಗಂಗಾನಗರದಲ್ಲಿ, ನಮ್ಮದು ಸಹಕಾರನಗರದಲ್ಲಿ. ನಡುವೆ ಹೆಬ್ಬಾಳದ ಫ್ಲೈಓವರ್ ಇರುವುದರಿಂದ ಶಾಲೆಯ ದಿನಗಳಿಂದಲೂ ನಮ್ಮದು ಒಂದು ಬಗೆಯ ವಿದೇಶ ಪ್ರವಾಸದ ಸ್ನೇಹವೇ. ಅವನ ಅಪ್ಪನನ್ನು ನಾನು ಚಾಚಾ ಎನ್ನುತ್ತಿದ್ದೆ. ಆರ್.ಟಿ. ನಗರದಲ್ಲಿ ಅವರದೊಂದು ಗಡಿಯಾರ ರಿಪೇರಿ ಅಂಗಡಿ. ಸೋಮವಾರದಿಂದ ಶನಿವಾರದವರೆಗೆ ಒಂದು ಕಣ್ಣಿಗೆ ಪುಟ್ಟ ಮಸೂರ ಸಿಕ್ಕಿಸಿಕೊಂಡು ಗಡಿಯಾರದ ಹೊಟ್ಟೆ ನೋಡುತ್ತಿದ್ದರು. ಭಾನುವಾರ ಎರಡೂ ಕಣ್ಣಿಗೆ ದುರ್ಬೀನು ಹಚ್ಚಿ ಹೆಬ್ಬಾಳ ಕೆರೆಯ ಹಕ್ಕಿ ನೋಡುತ್ತಿದ್ದರು.

ಅಂಗಡಿಯ ಗೋಡೆಯ ಮೇಲೆ ಅವರು ಹಳೆಯ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಚಿತ್ರವೊಂದಿತ್ತು. ಕೀನ್ಯಾದ ಒಂದು ಸರೋವರ. ನೀರು ಕಾಣದಷ್ಟು ರಾಜಹಂಸಗಳು, ಇಡೀ ಕೆರೆ ಗುಲಾಬಿ. "ಒಂದ್ಸಲ ಇದನ್ನ ನೋಡ್ಬೇಕು" ಅನ್ನುತ್ತಿದ್ದರು. ನೋಡಲಿಲ್ಲ. ಹೋದ ವರ್ಷ ತೀರಿಕೊಂಡರು.

"ಅಬ್ಬಾ ಅಂತೂ ಹೋಗ್ಲಿಲ್ಲ" ಎಂದ ಇರ್ಫಾನ್. "ಅವರ ದುರ್ಬೀನಾದ್ರೂ ನೋಡ್ಲಿ ಮಗಾ. ಬರ್ತೀಯಾ?"

ಇಂಥ ಮಾತಿಗೆ ಬರುವುದಿಲ್ಲ ಅನ್ನಲಾದೀತೇ? ಹೊರಟೆವು.

ಅಮ್ಮ ದೊಡ್ಡ ಡಬ್ಬಿ ತುಂಬ ಕೋಡುಬಳೆ ಮಾಡಿಕೊಟ್ಟಳು. ನಮ್ಮಮ್ಮನ ಕೋಡುಬಳೆಯ ಬಗ್ಗೆ ಎರಡು ಸಂಗತಿ ತಿಳಿದಿರಬೇಕು. ಒಂದು, ಖಾರ. ಎರಡು, ಗಟ್ಟಿ. ಅದನ್ನು ಕಚ್ಚಿ ಅಪ್ಪನ ಹಲ್ಲೊಂದು ಹೋಗಿದೆ. ಕೋಡುಬಳೆಗೆ ಏನೂ ಆಗಿರಲಿಲ್ಲ.

ಕೀನ್ಯಾದಲ್ಲಿ ನಮ್ಮ ಸಫಾರಿ ಜೀಪಿನ ಚಾಲಕ ಜೋಸೆಫ್. ಐವತ್ತರ ವಯಸ್ಸು, ಇಸ್ತ್ರಿ ಕೆಡದ ಅಂಗಿ, ಮಾತು ಕಡಿಮೆ. ಮೊದಲ ಬೆಳಿಗ್ಗೆ ಅವನು ಇಂಗ್ಲಿಷಿನಲ್ಲಿ ಒಂದೇ ಒಂದು ನಿಯಮ ಹೇಳಿದ. "ಜೀಪಿನೊಳಗೆ ತಿಂಡಿ ತರಬೇಡಿ. ಬಬೂನ್‌ಗಳಿಗೆ ಮೂಗು ಬಹಳ ಚುರುಕು." ಬಬೂನ್ ಅಂದರೆ ಕೋತಿಯೇ, ಆದರೆ ನಮ್ಮ ಕೋತಿಗಳಿಗೆ ದೊಡ್ಡಪ್ಪ ಆಗಬೇಕು. ಗಾತ್ರದಲ್ಲೂ ಸಿಟ್ಟಿನಲ್ಲೂ.

"ಕೇಳಿಸ್ತೇನೋ?" ಎಂದು ಇರ್ಫಾನ್ ನನ್ನನ್ನೇ ನೋಡಿದ.

"ನಾನೇನ್ ಎಲ್‌ಕೆಜಿ ಮಗೂನಾ?" ಎಂದೆ.

ಎಲ್‌ಕೆಜಿ ಮಗುವಾಗಿದ್ದರೆ ಮಾತು ಕೇಳುತ್ತಿತ್ತು.

ಬೆಳಿಗ್ಗೆ ಐದೂವರೆಗೆ ಹೊರಟರೆ ಊಟ ಮಧ್ಯಾಹ್ನ ಎರಡಕ್ಕೆ. ನಾನು ಹಸಿವು ತಡೆಯದ ಮನುಷ್ಯ. ಎಲ್ಲಿ ಬಚ್ಚಿಡಲಿ ಎಂದು ಗಂಭೀರವಾಗಿ ಆಲೋಚಿಸಿದೆ. ಆಗ ಹೊಳೆದದ್ದು ಚಾಚಾನ ದುರ್ಬೀನಿನ ಚರ್ಮದ ಪೆಟ್ಟಿಗೆ. ಕ್ಯಾಮೆರಾದ ಹೊಣೆ ಇರ್ಫಾನನದು, ಪೆಟ್ಟಿಗೆಗೆ ಉಸ್ತುವಾರಿ ಸಚಿವ ನಾನು. ಅದೂ ಅಲ್ಲದೆ ಆ ಪೆಟ್ಟಿಗೆಯನ್ನು ಸರೋವರ ಬರುವವರೆಗೆ ತೆರೆಯುವುದಿಲ್ಲ ಎಂದು ಇರ್ಫಾನ್ ಶಪಥ ಮಾಡಿದ್ದ. ಮೊದಲು ಅದು ನೋಡಬೇಕಾದ್ದು ರಾಜಹಂಸವನ್ನೇ! ಯಾರೂ ತೆರೆಯದ ಪೆಟ್ಟಿಗೆಗಿಂತ ಸುರಕ್ಷಿತ ಜಾಗ ಜಗತ್ತಿನಲ್ಲಿ ಇದೆಯೇ?

ದುರ್ಬೀನಿನ ಸುತ್ತ ಕೋಡುಬಳೆ ಜೋಡಿಸಿದೆ. ಇನ್ನೆರಡು ಉಳಿದವು. ಅವನ್ನು ಕಣ್ಣಿಡುವ ಕಡೆಯ ಎರಡು ಕೊಳವೆಗೆ ಒತ್ತಿ ತೊಡಿಸಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು. ಸೀಮಂತದ ಹೆಣ್ಣಿಗೆ ಬಳೆ ತೊಡಿಸಿದಂತಿತ್ತು. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ಎರಡು ದಿನ ಎಲ್ಲವೂ ಸುಸೂತ್ರ. ಆನೆ ನೋಡಿದೆವು, ಜಿರಾಫೆ ನೋಡಿದೆವು. ಸಿಂಹ ಮಲಗಿತ್ತು. ಒಂದು ಗಂಟೆ ಉಸಿರು ಬಿಗಿಹಿಡಿದು ಕಾದೆವು. ಮಗ್ಗುಲು ಬದಲಿಸಿತು! ಭಾನುವಾರ ನಮ್ಮ ಚಿಕ್ಕಪ್ಪ ಮಾಡುವುದೂ ಇದನ್ನೇ. ಅವನನ್ನು ನೋಡಲು ವೀಸಾ ಬೇಡ.

"ದುರ್ಬೀನ್ ತೆಗೀಲಾ, ಹತ್ರದಿಂದ ನೋಡೋಣ" ಎಂದು ನಾನು ನಾಟಕಕ್ಕೆ ಹೇಳಿದರೆ ಇರ್ಫಾನ್ ತಲೆಯಾಡಿಸುತ್ತಿದ್ದ. "ಬೇಡ ಗುರು. ಅಬ್ಬಾಗೆ ಸಿಂಹ ಬೇಕಿರ್ಲಿಲ್ಲ."

ಅವನು ಅತ್ತ ತಿರುಗಿದ ಕೂಡಲೇ ನಾನು ಒಂದು ಕೋಡುಬಳೆ ಬಾಯಿಗೆ ಹಾಕಿ, ಸದ್ದಾಗದಂತೆ ನೆನೆಸಿ ನೆನೆಸಿ ತಿನ್ನುತ್ತಿದ್ದೆ.

ಮೂರನೆಯ ದಿನ ಸರೋವರ.

ಜೋಸೆಫ್ ಜೀಪನ್ನು ಒಂದು ಎತ್ತರದ ಬಂಡೆಯ ಅಂಚಿನ ಬಳಿ ನಿಲ್ಲಿಸಿದ. ಕೆಳಗೆ, ಬಹಳ ಕೆಳಗೆ, ನೀರಿನ ಅಂಚಿನಲ್ಲಿ ಗುಲಾಬಿ ಬಣ್ಣದ ಒಂದು ಗೆರೆ. ಬರಿಗಣ್ಣಿಗೆ ಗೆರೆ, ಅಷ್ಟೇ. ಇರ್ಫಾನ್ ಇಳಿದು ಅಂಚಿನ ಕಂಬಿಯವರೆಗೆ ಹೋಗಿ ನಿಂತ. ಸ್ವಲ್ಪ ಹೊತ್ತಾದ ಮೇಲೆ ತಿರುಗದೆಯೇ ಕೂಗಿದ. "ಮಗಾ, ದುರ್ಬೀನ್ ತಗೊಂಡ್ ಬಾ."

ನಿಂತು ನೋಡಲೆಂದು ತೆರೆದಿದ್ದ ಜೀಪಿನ ಛಾವಣಿಯನ್ನು ಮುಚ್ಚಲು ಜೋಸೆಫ್ ಬಂದ. ಮುಚ್ಚಿ ಬೀಗ ಹಾಕಿಬಿಟ್ಟರೆ ಎಲ್ಲರೂ ಇಳಿಯಬೇಕು. ಪೆಟ್ಟಿಗೆಯೊಳಗಿನ ಸಂಸಾರವನ್ನು ನಾನು ಖಾಲಿ ಮಾಡಬೇಕಿತ್ತಲ್ಲ! "ನಾನು ಒಳಗೇ ಇರ್ತೀನಿ, ತೆರೆದೇ ಇರಲಿ, ನಾನು ನೋಡ್ಕೋತೀನಿ" ಎಂದು ಇಂಗ್ಲಿಷಿನಲ್ಲಿ ಭರವಸೆ ಕೊಟ್ಟೆ. ಅವನು ನಂಬಿದ.

ಪೆಟ್ಟಿಗೆ ತೆರೆದೆ. ಎರಡು ಕೋಡುಬಳೆ ತೆಗೆದು ಜೇಬಿಗೆ ಹಾಕಿದೆ. ಮೂರನೆಯದಕ್ಕೆ ಕೈ ಹಾಕುವಾಗ ನನ್ನ ಕೈಯ ಪಕ್ಕದಲ್ಲಿ ಇನ್ನೊಂದು ಕೈ ಕಂಡಿತು. ಕಪ್ಪಗಿತ್ತು. ರೋಮ ಹೆಚ್ಚು. ನನ್ನದಲ್ಲ!

ಛಾವಣಿಯಿಂದ ಇಳಿದ ಬಬೂನ್ ಪೆಟ್ಟಿಗೆಯ ಪಟ್ಟಿ ಹಿಡಿದು ಎಳೆಯಿತು. ನಾನೂ ಎಳೆದೆ. ಅದು ಹಲ್ಲು ತೋರಿಸಿತು. ನಾನು ಬಿಟ್ಟೆ. ಪೆಟ್ಟಿಗೆಯೊಂದಿಗೆ ಅದು ಬಂಡೆಯ ತುದಿಗೆ ಹೋಗಿ, ಊಟಕ್ಕೆ ಕೂತವರ ಹಾಗೆ ಚಕ್ಕಳಮಕ್ಕಳ ಹಾಕಿಕೊಂಡಿತು.

ಹೆದರಿದೆನೇ? ಇಲ್ಲ. ನಾನು ಬೆಂಗಳೂರಿನವನು, ನಂದಿ ಬೆಟ್ಟಕ್ಕೆ ಹೋಗಿ ಬಂದವನು. ಅಲ್ಲಿ ಒಂದು ಕೋತಿ ನಮ್ಮ ಚಿಕ್ಕಮ್ಮನ ಕನ್ನಡಕ ಕಿತ್ತುಕೊಂಡಾಗ ಬಿಸ್ಕತ್ತು ಚಾಚಿ ವಾಪಸು ಪಡೆದ ಕೀರ್ತಿ ನನ್ನದು. ಇದೂ ಅದೇ ವ್ಯವಹಾರ. ಜೀಪಿನಿಂದಿಳಿದು ಜೇಬಿನ ಕೋಡುಬಳೆ ಹಿಡಿದು ಮೆಲ್ಲಗೆ ಹೋದೆ.

"ತಗೋ ಗುರು. ಇದ್ ನಿಂದು. ಅದನ್ನ ಇಡು."

ಅದು ಕೋಡುಬಳೆ ತೆಗೆದುಕೊಂಡಿತು. ಪೆಟ್ಟಿಗೆ ಇಡಲಿಲ್ಲ. ಎರಡನೆಯದನ್ನೂ ಕೊಟ್ಟೆ. ಅದನ್ನೂ ತೆಗೆದುಕೊಂಡಿತು. ನಂದಿ ಬೆಟ್ಟದ ಕೋತಿ ಮಾಡುವುದು ವ್ಯಾಪಾರ. ಇದು ವಸೂಲಿ!

ಹಿಂದಿನಿಂದ ಜೋಸೆಫ್ ನನ್ನ ಅಂಗಿಯ ಕಾಲರ್ ಹಿಡಿದು ಎಳೆದ. ನನ್ನ ಕೈಯಲ್ಲಿ ಏನಿತ್ತು ಎಂಬುದನ್ನು ಅವನು ಸ್ಪಷ್ಟವಾಗಿ ನೋಡಿದ್ದ.

ಬಬೂನ್ ಪೆಟ್ಟಿಗೆಯೊಳಗೆ ಕೈ ಹಾಕಿತು. ಒಂದು ಕೋಡುಬಳೆ ತಿಂದಿತು, ಇನ್ನೊಂದು ತಿಂದಿತು. ದುರ್ಬೀನನ್ನೆತ್ತಿ ಒಂದು ಬಳೆ ಕಳಚಿ ಅದನ್ನೂ ಜಗಿಯಿತು. ಅಷ್ಟರಲ್ಲಿ ಅಮ್ಮನ ಖಾರ ತನ್ನ ಕೆಲಸ ಶುರುಮಾಡಿತು. ಅದು ಒಮ್ಮೆ ಸುಮ್ಮನಾಯಿತು. ನಾಲಗೆ ಹೊರಹಾಕಿತು. ಆಮೇಲೆ ಇಡೀ ಕಾಡಿಗೆ ಕೇಳುವಂತೆ ಅರಚಿ, ಕೈಯಲ್ಲಿದ್ದ ದುರ್ಬೀನನ್ನು ಬೀಸಿ ಎಸೆಯಿತು. ಪ್ರಪಾತಕ್ಕೆ.

ಅರಚಾಟ ಕೇಳಿ ಓಡಿಬಂದ ಇರ್ಫಾನ್ ಕಂಡದ್ದು ಆ ಎಸೆತವನ್ನು ಮಾತ್ರ.

ದುರ್ಬೀನು ಕೆಳಗಿನ ಬಂಡೆಗೆ ತಾಗಿದ ಸದ್ದು ಬಂತು. ಇರ್ಫಾನ್ ಕಂಬಿ ಹಿಡಿದು ನಿಂತಿದ್ದ. ಅದರಾಚೆ ಆ ಗುಲಾಬಿ ಗೆರೆ ಹಾಗೆಯೇ ಇತ್ತು.

"ಯಾಕೋ?" ಎಂದ ಕೊನೆಗೆ. "ಕ್ಯಾಮೆರಾ ಬ್ಯಾಗ್ ಇತ್ತು, ನಿನ್ ಟೋಪಿ ಇತ್ತು. ಅದ್ಯಾಕೆ ನೇರ ಅದಕ್ಕೇ ಕೈ ಹಾಕ್ತು?"

ಈಗ ಹೇಳಬೇಕಿತ್ತು. ಬಾಯಿ ತೆರೆದೆ. ಬಂದದ್ದು ಇದು: "ಕೋತಿ ಬುದ್ಧಿ ಮಗಾ. ಚರ್ಮದ ವಾಸನೆಗೆ ಬಂದಿರ್ಬೇಕು."

"ಛಾವಣಿ ಯಾಕ್ ತೆಗ್ದಿತ್ತು?" ಎಂದು ಅವನು ಜೋಸೆಫ್ ಕಡೆ ತಿರುಗಿದ. ಇರ್ಫಾನ್ ಯಾರ ಮೇಲೂ ಕೂಗಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಂದು ನೋಡಿದೆ. ಜೋಸೆಫ್ ನನ್ನ ಮುಖ ನೋಡಿದ. ನಾನು ನನ್ನ ಬೂಟು ನೋಡಿದೆ. "ಕ್ಷಮಿಸಿ ಸಾರ್" ಎಂದ ಜೋಸೆಫ್. ಅಷ್ಟೇ ಹೇಳಿದ.

ಸಂಜೆ ಅವನು ನನ್ನೊಬ್ಬನನ್ನೇ ಕರೆದು, ಬಬೂನ್ ಬಿಟ್ಟುಹೋಗಿದ್ದ ಖಾಲಿ ಪೆಟ್ಟಿಗೆ ಕೈಗಿಟ್ಟು ಹೇಳಿದ. "ನಿಮ್ಮ ಗೆಳೆಯನಿಗೆ ನೀವೇ ಹೇಳಿ. ನಾನು ಹೇಳಿದರೆ ಅದು ದೂರು. ನೀವು ಹೇಳಿದರೆ ಅದು ಮಾತು."

ಹೇಳುತ್ತೇನೆ ಎಂದೆ. ಊಟಕ್ಕೆ ಮುಂಚೆ ಹೇಳೋಣ ಅಂದುಕೊಂಡೆ. ಹಸಿದವನಿಗೆ ಹೇಳಬಾರದು. ಊಟದ ನಂತರ ಅಂದುಕೊಂಡೆ. ಉಂಡವನಿಗೆ ಅಜೀರ್ಣವಾದೀತು. ಹೀಗೆ ಅವನ ಆರೋಗ್ಯದ ಕಾಳಜಿಯಲ್ಲೇ ಬೆಳಗಾಯಿತು.

ಮರುದಿನ ನೈರೋಬಿ. ದೊಡ್ಡ ಪಟ್ಟಣ, ಎತ್ತರದ ಕಟ್ಟಡಗಳು, ಹೆಬ್ಬಾಳವನ್ನು ನೆನಪಿಸುವ ಟ್ರಾಫಿಕ್ಕು. ಎರಡು ಗಂಟೆ ಜೀಪು ನಿಂತಲ್ಲೇ ನಿಂತಿತ್ತು. ದೇವರೇ ಒದಗಿಸಿದ ಅವಕಾಶ. ನಾನು ಹೇಳಿದ್ದೇನು? "ನೋಡೋ, ಇಲ್ಲೂ ಸಿಗ್ನಲ್ ಕೆಟ್ಟಿದೆ." ಇರ್ಫಾನ್ ಮನಸ್ಸಿನಲ್ಲೇ ಜೋಸೆಫ್ ಮೇಲೆ ದೂರು ಬರೆಯುತ್ತಿದ್ದ.

ಪ್ರವಾಸದ ಕಚೇರಿಯಲ್ಲಿ ಮ್ಯಾನೇಜರ್ ಹೆಂಗಸು ಒಂದು ಫಾರಂ ಮುಂದಿಟ್ಟಳು. ದೂರು ನಿಜವಾದರೆ ಜೋಸೆಫನನ್ನು ಜೀಪಿನಿಂದ ಇಳಿಸಿ ಬೇರೆ ಕೆಲಸಕ್ಕೆ ಹಾಕುತ್ತೇವೆ ಎಂದಳು. ಜೋಸೆಫ್ ಟೋಪಿ ತೆಗೆದು ಬಾಗಿಲ ಬಳಿ ನಿಂತಿದ್ದ. ಇಪ್ಪತ್ತು ವರ್ಷದಿಂದ ಜೀಪು ಓಡಿಸುತ್ತಿದ್ದವನು. ಇರ್ಫಾನ್ ತನ್ನ ಭಾಗ ಬರೆದು ಫಾರಂ ನನ್ನ ಕಡೆ ಸರಿಸಿದ. ಸಾಕ್ಷಿಯ ಅಂಕಣದಲ್ಲಿ ಒಂದೇ ಪ್ರಶ್ನೆ. ವಾಹನದಲ್ಲಿ ತಿಂಡಿ ಇತ್ತೇ?

ಪೆನ್ನು ಹಿಡಿದೆ. "ಇಲ್ಲ" ಎಂದು ಬರೆದೆ. ಕೆಳಗೆ ಸುಂದರವಾಗಿ ಸಹಿ ಹಾಕಿದೆ.

ಜೋಸೆಫ್ ನಾನು ಸಹಿ ಮುಗಿಸುವವರೆಗೂ ಕಾದ. ಆಮೇಲೆ ಬಂದು ಮೇಜಿನ ಮೇಲೆ ಒಂದು ಕರವಸ್ತ್ರದ ಗಂಟು ಇಟ್ಟ. "ಬೆಳಿಗ್ಗೆ ಹೊರಡುವ ಮೊದಲು ಕೆಳಗೆ ಇಳಿದು ಹುಡುಕಿದೆ. ಅರ್ಧ ಸಿಕ್ಕಿತು ಸಾರ್" ಎಂದು ಇರ್ಫಾನನಿಗೆ ಹೇಳಿದ.

ಇರ್ಫಾನ್ ಗಂಟು ಬಿಚ್ಚಿದ. ದುರ್ಬೀನಿನ ಒಂದು ಕೊಳವೆ. ಅದರ ಕೊರಳಲ್ಲಿ, ಕೂದಲೆಳೆಯಷ್ಟೂ ಮುಕ್ಕಾಗದೆ, ನಮ್ಮಮ್ಮನ ಕೋಡುಬಳೆ! ಬಂಡೆ ಸೋತಿತ್ತು.

ಶಾಲೆಯಿಂದ ಆ ಕೋಡುಬಳೆ ತಿಂದು ಬೆಳೆದವನು ಇರ್ಫಾನ್. ಗುರುತು ಹಿಡಿಯಲು ಅವನಿಗೆ ದುರ್ಬೀನು ಬೇಕಿರಲಿಲ್ಲ. ನನ್ನ ಕಡೆ ನೋಡಿದ.

ಇಲ್ಲಾದರೂ ಒಪ್ಪಿಕೊಳ್ಳಬೇಕಿತ್ತು. ಆದರೆ ನನ್ನ ಬಾಯಿ ನನ್ನ ಮಾತು ಕೇಳುವ ಬಾಯಲ್ಲ. "ಅವರ ಕಡೇನೂ ಮಾಡ್ತಾರೇನೋ ಮಗಾ" ಎಂದೆ.

"ಯಾರ ಕಡೆ?" ಎಂದ ಇರ್ಫಾನ್. "ಕೋತಿ ಕಡೆ?"

ಫಾರಮ್ಮನ್ನು ನಾಲ್ಕು ತುಂಡು ಮಾಡಿದ. ಜೋಸೆಫನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತ. ನಾನೂ ಕ್ಷಮೆ ಕೇಳಿದೆ. ಜೋಸೆಫ್ ನನ್ನ ಹೆಗಲು ತಟ್ಟಿ, "ಬಹಳ ಖಾರ" ಎಂದಷ್ಟೇ ಅಂದ. ಅವನೂ ಒಂದು ಚೂರು ರುಚಿ ನೋಡಿದ್ದನೋ, ಬಬೂನಿನ ಪರವಾಗಿ ಹೇಳಿದನೋ, ಕೇಳುವ ಧೈರ್ಯವಾಗಲಿಲ್ಲ.

ಹೊರಗೆ ರಸ್ತೆಬದಿಯ ಮರಗಳ ಮೇಲೆ ಆಳೆತ್ತರದ ಕೊಕ್ಕರೆಗಳು ಕೂತಿದ್ದವು, ಊರ ನಡುವೆ, ಬಸ್ಸುಗಳು ಓಡಾಡುವಲ್ಲೇ. ಇರ್ಫಾನ್ ಕೋಡುಬಳೆ ಕಳಚಿ ನನ್ನ ಕೈಗೆ ಹಾಕಿ, ಆ ಅರ್ಧ ದುರ್ಬೀನನ್ನು ಒಂದು ಕಣ್ಣಿಗೆ ಹಚ್ಚಿ ಅವನ್ನೇ ನೋಡಿದ. ಅಂಗಡಿಯಲ್ಲಿ ಚಾಚಾ ಕೂರುತ್ತಿದ್ದದ್ದು ಥೇಟ್ ಹಾಗೆಯೇ, ಇನ್ನೊಂದು ಕಣ್ಣು ಮುಚ್ಚಿಕೊಂಡು. ನಾನು ಕೋಡುಬಳೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ತಿನ್ನಲಿಲ್ಲ. ಅದೊಂದನ್ನಾದರೂ ದಾಖಲಿಸಿಕೊಳ್ಳಿ.

ಬೆಂಗಳೂರಿನಲ್ಲಿ ಇಳಿದ ಮೇಲೆ ಇರ್ಫಾನನದು ಒಂದೇ ಮಾತು: "ಅಮ್ಮಿಗೆ ನೀನೇ ಹೇಳು."

ಮರುದಿನವೇ ಗಂಗಾನಗರಕ್ಕೆ ಹೋದೆ. ಅವನ ಅಮ್ಮಿ ಚಹಾ ಕೊಟ್ಟು ಎದುರಿಗೆ ಕೂತರು. ಈ ಸಲ ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಬಚ್ಚಿಟ್ಟದ್ದು, ಛಾವಣಿ, ಜೋಸೆಫ್, ಸುಳ್ಳು ಸಹಿ. ಅವರು ಕೇಳುತ್ತಾ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಮುಚ್ಚಳ ತೆಗೆದು ಮೂಸಿ ನೋಡಿದರು. ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಡಾಕ್ಟ್ರು ಕರಿದಿದ್ದು ಮುಟ್ಟಬೇಡಿ ಅಂದಿದ್ರು ಬೇಟಾ. ಅವರೂ ಇದ್ರಲ್ಲೇ ಬಚ್ಚಿಡೋರು, ಮಸಾಲೆ ಕಡ್ಲೆಬೀಜ. ಕೆರೆ ಹತ್ರ ಕೂತ್ಕೊಂಡು ತಿನ್ನೋರು. ನಂಗೆ ಗೊತ್ತಾಗಕ್ಕೆ ನಾಲ್ಕು ವರ್ಷ ಬೇಕಾಯ್ತು, ನಿಮ್ ಕೋತಿ ಮೂರೇ ದಿನಕ್ಕೆ ಹಿಡೀತು."

ನನಗೆ ಒಮ್ಮೆಲೇ ಹಗುರವಾಯಿತು. ಚಾಚಾ ಮತ್ತು ನಾನು ಒಂದೇ ಜಾತಿಯವರು! "ಹಂಗಾದ್ರೆ ನಾನೂ ಅವರ ಥರಾನೇ ಅಲ್ವಾ ಅಮ್ಮಿ?" ಎಂದೆ, ಇನ್ನೊಂದು ಬಿಸ್ಕತ್ತಿಗೆ ಕೈ ಚಾಚುತ್ತಾ.

ಅಮ್ಮಿ ತಟ್ಟೆಯನ್ನು ನನ್ನ ಹತ್ತಿರಕ್ಕೇ ಸರಿಸಿದರು.

"ಇಲ್ಲ ಬೇಟಾ. ಅವರು ಸಿಕ್ಕಾಕ್ಕೊಂಡಾಗ 'ಹೌದು, ತಿಂದೆ' ಅಂದ್ರು. ನೀನು ಕೋತಿ ಮೇಲೆ ಹಾಕ್ದೆ."