ಅನುಮತಿ ಕೇಳಿದ ಅತಿಥಿ

ನಮ್ಮ ಮನೆಯಲ್ಲಿ ಬೇಡದ ಮಾತನ್ನು ನೇರವಾಗಿ ಆಡುವ ಪದ್ಧತಿ ಇಲ್ಲ. ಬಳೆ ಒಡೆದರೆ ‘ಹೆಚ್ಚಿತು’ ಅನ್ನಬೇಕು. ದೀಪ ಆರಿಸಬೇಕಾದರೆ ‘ದೊಡ್ಡದು ಮಾಡು’ ಅನ್ನಬೇಕು. ಹೊರಟವರು ‘ಹೋಗುತ್ತೇನೆ’ ಅನ್ನುವಂತಿಲ್ಲ, ‘ಬರುತ್ತೇನೆ’ ಅನ್ನಬೇಕು; ಕಳಿಸುವವರು ‘ಹೋಗು’ ಅನ್ನುವಂತಿಲ್ಲ, ‘ಹೋಗಿ ಬಾ’ ಅನ್ನಬೇಕು. ಎರಡು ದಿನಕ್ಕೆಂದು ಬಂದು ಹದಿನೈದು ದಿನ ಕೂರುವ ನೆಂಟರಿಗೂ ಇದೇ ಮರ್ಯಾದೆ. ಹಾಗಾಗಿ ಅವರು ಬಂದೇ ಬರುತ್ತಾರೆ. ಹೊಳೆನರಸೀಪುರದಲ್ಲಿ ಪಿಯುಸಿ ಮಕ್ಕಳಿಗೆ ಕನ್ನಡ ಹೇಳಿಕೊಡುವುದು ನನ್ನ ಉದ್ಯೋಗ. ಪ್ರತಿ ವರ್ಷ ಒಂದು ಪೀರಿಯಡ್ಡು ಈ ವಿಷಯಕ್ಕೇ ಮೀಸಲಿಟ್ಟು, ಇದು ನಮ್ಮ ಭಾಷೆಯ ಸೌಜನ್ಯ ಎಂದು ಬೋಧಿಸುತ್ತೇನೆ. ಆ ಸೌಜನ್ಯ ಕಂಪ್ಯೂಟರಿನ ಮುಂದೆ ಕೂತರೆ ಏನಾಗುತ್ತದೆ ಎಂಬುದು ಮಾತ್ರ ಪಠ್ಯದಲ್ಲಿರಲಿಲ್ಲ.

ನಮ್ಮ ಕಂಪ್ಯೂಟರು ನಡುಮನೆಯಲ್ಲಿದೆ. ಕೊಂಡ ದಿನವೇ ಅದರ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿದೆ. ಕನ್ನಡ ಮೇಷ್ಟರ ಮನೆಯ ಯಂತ್ರ ಇಂಗ್ಲಿಷಿನಲ್ಲಿ ಮಾತಾಡಿದರೆ ಊರವರು ಏನಂದುಕೊಂಡಾರು? ಇದರಿಂದ ನನಗೇನೂ ಲಾಭವಾಗಲಿಲ್ಲ. ‘ಕಡತ’ ಎಲ್ಲಿದೆ, ‘ಪರಿಕರ’ ಎಲ್ಲಿದೆ ಎಂದು ಹುಡುಕುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು. ಲಾಭವಾದದ್ದು ನಮ್ಮವ್ವನಿಗೆ. ತನ್ನ ತವರೂರು ಹಳ್ಳಿಮೈಸೂರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ ಅವ್ವ ಈಗ ದಿನವೂ ಮಧ್ಯಾಹ್ನ ಅದರ ಮುಂದೆ ಕೂತು ತಪ್ಪಿಹೋದ ಧಾರಾವಾಹಿಗಳನ್ನೆಲ್ಲ ನೋಡುತ್ತಾಳೆ. ತೆರೆಯ ಮೇಲೆ ಮೂಡಿದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಾಳೆ. ಪ್ರಶ್ನೆ ಕೇಳಿದ್ದರೆ ಉತ್ತರವನ್ನೂ ಕೊಡುತ್ತಾಳೆ.

ಒಂದು ಶುಕ್ರವಾರ ಸಂಜೆ ಕಾಲೇಜಿನಿಂದ ಬಂದು ಕಂಪ್ಯೂಟರು ತೆರೆದೆ. ಯಾವಾಗಲೂ ಬರುತ್ತಿದ್ದ ಬಿಳೀ ಪುಟದ ಬದಲು ಕೆಂಪು ಹಳದಿ ಬಣ್ಣದ ಇನ್ಯಾವುದೋ ಪುಟ ಬಂದು ಕೂತಿತ್ತು. ಹವಾಮಾನ ಹುಡುಕಿದರೆ ಮಂಡಿನೋವಿನ ಎಣ್ಣೆ ತೋರಿಸಿತು. ವ್ಯಾಕರಣ ಹುಡುಕಿದರೆ ರಮ್ಮಿ ಆಡಲು ಕರೆಯಿತು. ಬಲಗಡೆ ಮೂಲೆಯಲ್ಲಿ ನಿಮಿಷಕ್ಕೊಂದು ಚೀಟಿ ಎದ್ದು, ‘ಅಭಿನಂದನೆಗಳು, ನೀವು ಗೆದ್ದಿದ್ದೀರಿ’ ಎನ್ನುತ್ತಿತ್ತು. ನನ್ನ ಜೀವಮಾನದಲ್ಲಿ ಯಾರೂ ನನಗೆ ಅಷ್ಟು ಸಲ ಹಾಗೆ ಹೇಳಿದ್ದಿಲ್ಲ.

ಬೇರೆ ದಿನವಾಗಿದ್ದರೆ ಹಾಳಾಗಿ ಹೋಗಲಿ ಎಂದು ಸುಮ್ಮನಿರುತ್ತಿದ್ದೆ. ಆದರೆ ಸೋಮವಾರದೊಳಗೆ ನನ್ನ ಹೆಂಡತಿ ಶಾರದಳ ವರ್ಗಾವಣೆ ಅರ್ಜಿ ಹೋಗಬೇಕಿತ್ತು. ಆಕೆ ಅರಕಲಗೂಡಿನಾಚೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ಹೊರಟರೆ ಎರಡು ಬಸ್ಸು ಬದಲಾಯಿಸಬೇಕು. ಸಂಜೆ ಬಂದವಳು ಚಪ್ಪಲಿ ಬಿಟ್ಟು ಒಂದು ಗಳಿಗೆ ಜಗುಲಿಯ ಮೇಲೆ ಕೂತುಬಿಡುತ್ತಾಳೆ. ಅದನ್ನು ನೋಡಿದಾಗಲೆಲ್ಲ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಈ ಸಲ ತಪ್ಪಿದರೆ ಮತ್ತೆ ಯಾವಾಗಲೋ. “ಸೈಬರ್ ಸೆಂಟರಲ್ಲಿ ಹಾಕಿಸಿಬಿಡ್ತೀನಿ ರೀ” ಎಂದು ಆಕೆ ವಾರದ ಹಿಂದೆಯೇ ಅಂದಿದ್ದಳು. “ಮನೇಲಿ ಕಂಪ್ಯೂಟರ್ ಇಟ್ಕೊಂಡು ಸೈಬರಿಗೆ ಹೋಗೋದಾ? ನಾನಿಲ್ವಾ?” ಅಂದಿದ್ದೆ. “ಅದೇ ಭಯ” ಅಂದಿದ್ದಳು.

ಭಯ ಸುಳ್ಳಾಗಬಾರದಲ್ಲ. ಇಲಾಖೆಯ ಹೆಸರು ಟೈಪು ಮಾಡಿದೆ. ಒಂದು ಪುಟ ಬಂತು. ಮೇಲೆ ಗೋಪುರದ ಚಿತ್ರ, ಕೆಳಗೆ ಹೆಸರು, ವಯಸ್ಸು, ಊರು. ಎಲ್ಲ ತುಂಬಿದೆ. ಮುಂದಿನ ಪ್ರಶ್ನೆ, ‘ನಿಮ್ಮ ಕೂದಲು ಉದುರುತ್ತಿದೆಯೇ?’ ಶಿಕ್ಷಕರ ಬಗ್ಗೆ ಇಲಾಖೆಗೆ ಇಷ್ಟೊಂದು ಕಾಳಜಿ ಬಂದದ್ದು ಯಾವಾಗ ಎಂದು ಆಶ್ಚರ್ಯಪಡುತ್ತಲೇ ‘ಹೌದು’ ಒತ್ತಿದೆ. ಸಿಕ್ಕಿದ್ದು ಶಾಂಪೂ. ಆಗ ನನಗೆ ಜ್ಞಾನೋದಯವಾಯಿತು.

ಚನ್ನರಾಯಪಟ್ಟಣದಲ್ಲಿರುವ ಭಾವಮೈದುನ ಚಂದ್ರುಗೆ ಫೋನು ಮಾಡಿದೆ. ಕಂಪ್ಯೂಟರು ಅಂಗಡಿ ಇಟ್ಟಿದ್ದಾನೆ. ಅಕ್ಕನ ಗಂಡ ಅನ್ನುವ ಕಾರಣಕ್ಕೆ ನನ್ನ ಮೇಲೆ ಸ್ವಲ್ಪ ಗೌರವವನ್ನೂ ಇಟ್ಟಿದ್ದಾನೆ. ಎಲ್ಲ ಕೇಳಿ, “ಬ್ರೌಸರ್ ಹೈಜಾಕ್ ಆಗ್ಬುಟ್ಟದೆ ಭಾವ. ಯಾರೋ ಸಿಕ್ಕಿದ್ದಕ್ಕೆಲ್ಲ ‘ಅನುಮತಿಸಿ’ ಒತ್ತವ್ರೆ” ಅಂದ. ನಾನು ಫೋನು ಹಿಡಿದುಕೊಂಡೇ ಅವ್ವನ ಕಡೆ ತಿರುಗಿದೆ.

“ಊಂ, ನಾನೇ ಒತ್ತಿದ್ದು” ಅಂದಳು ಅವ್ವ, ಹುರುಳಿಕಾಯಿ ನಾರು ಬಿಡಿಸುತ್ತ. “ಅನುಮತಿಸಿ ಅಂತ ಕೇಳ್ತಾನೆ ಕಣ್ಲಾ ಪಾಪ. ಸುಮ್ನೆ ನುಗ್ಗಿಲ್ಲ, ಬಾಗ್ಲಲ್ಲಿ ನಿಂತ್ಕಂಡು ಕೇಳವ್ನೆ. ಬ್ಯಾಡ ಅನ್ನಕಾಯ್ತದಾ?”

“ಪಕ್ಕದಲ್ಲೇ ‘ನಿರ್ಬಂಧಿಸಿ’ ಅಂತ ಇತ್ತಲ್ಲವ್ವ!”

“ಅದೇನು ಮಾತ್ಲಾ ಅದು? ಪೊಲೀಸ್ನೋರು ಆಡೋ ಮಾತು. ಮನೆಗ್ ಬಂದೋರ್ಗೆ ಅಂಗಂತಾರಾ?”

ಪೀರಿಯಡ್ಡು ತೆಗೆದುಕೊಳ್ಳುವ ನನಗೇ ಅವ್ವ ಪೀರಿಯಡ್ಡು ತೆಗೆದುಕೊಂಡಿದ್ದಳು. ಚಂದ್ರು ಹೇಳುತ್ತ ಹೋದ, ನಾನು ಮಾಡುತ್ತ ಹೋದೆ. ಮೊದಲು ಅನುಮತಿ ಪಡೆದವರ ಪಟ್ಟಿ ತೆರೆಯಬೇಕಂತೆ. ತೆರೆದರೆ ಬೀಗರ ಔತಣಕ್ಕೆ ಕರೆದವರ ಹಾಗೆ ಉದ್ದಕ್ಕೆ ಕೂತಿದ್ದರು. ಒಬ್ಬೊಬ್ಬರನ್ನೇ ಎಬ್ಬಿಸಿದೆ. ಆಮೇಲೆ ಬ್ರೌಸರಿಗೆ ಅಂಟಿಕೊಂಡಿದ್ದ ಒಂದು ಬಾಲಂಗೋಚಿ. ಕೊನೆಗೆ, ‘ಹುಡುಕು ಸಹಾಯಕ’ ಎಂದು ಹೆಸರಿಟ್ಟುಕೊಂಡು ಒಳಗೇ ಬೀಡುಬಿಟ್ಟಿದ್ದ ಮುಖ್ಯ ಅಪರಾಧಿ. ಅದನ್ನು ತೆಗೆಯಲು ಹೊರಟರೆ ಅಳುವ ಮುಖದ ಚಿತ್ರವೊಂದು ಬಂದು, ‘ನಮ್ಮನ್ನು ನಿಜವಾಗಿಯೂ ಕಳಿಸುತ್ತೀರಾ?’ ಎಂದು ಕೇಳಿತು.

ಅವ್ವ ಅದನ್ನು ಗಟ್ಟಿಯಾಗಿ ಓದಿದಳು. ಹುರುಳಿಕಾಯಿ ಬಿಟ್ಟು ಎದ್ದು ಬಂದಳು. “ಲೇ, ಇವತ್ತು ಶುಕ್ರವಾರ. ದೀಪ ಅಚ್ಚೋ ಒತ್ತು. ಈ ಒತ್ನಲ್ಲಿ ಉಪ್ಪು ಮೊಸ್ರು ಆಚೆಗ್ ಕೊಡಲ್ಲ ನಾವು. ಅಳ್ತಾ ಇರೋನ ಆಚೆಗ್ ತಳ್ತೀಯಾ? ನಾಳೀಕೆ ಕಳ್ಸು.”

ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೆ ಕಣ್ಣು ನೋಯುತ್ತಿತ್ತು, ಚಂದ್ರುವಿಗೂ ಗಿರಾಕಿ ಬಂದಿದ್ದರು. ಬೆಳಗ್ಗೆ ಮಾಡಿದರಾಯಿತು ಎಂದು ಮುಚ್ಚಿಟ್ಟೆ. ಬಸ್ಸಿನಿಂದ ಇಳಿದು ಬಂದ ಶಾರದ, “ಆಯ್ತೇನ್ರಿ?” ಅಂದಳು. “ಮುಹೂರ್ತ ಸರಿಯಿರಲಿಲ್ಲ” ಅಂದೆ. ಆಕೆ ಚಪ್ಪಲಿ ಬಿಟ್ಟು ಜಗುಲಿಯ ಮೇಲೆ ಕೂತಳು.

ಶನಿವಾರ ಬೆಳಗ್ಗೆ ಕಾಫಿಯಾದ ಮೇಲೆ ಅದನ್ನು ವಿಧಿವತ್ತಾಗಿ ತೆಗೆದುಹಾಕಿದೆ. ಅಳುವ ಮುಖ ಮಾಯವಾಗುವಾಗ ಅವ್ವ ಪಕ್ಕದಲ್ಲೇ ನಿಂತಿದ್ದವಳು ಅಭ್ಯಾಸಬಲದಿಂದ, “ಓಗ್ಬುಟ್ಟು ಬಾರಪ್ಪ” ಅಂದಳು. ನಾನು ನಕ್ಕೆ. ಬಿಳೀ ಪುಟ ಬಂತು. ಇಲಾಖೆಯ ನಿಜವಾದ ಜಾಲತಾಣವೂ ಬಂತು. ಶಾರದಳ ಮುಂದೆ ಒಂದು ಸಣ್ಣ ಭಾಷಣ ಮಾಡಿದೆ. ಭಾನುವಾರ ನಿಧಾನಕ್ಕೆ ಕೂತು ಅರ್ಜಿ ತುಂಬೋಣ, ತಂತ್ರಜ್ಞಾನಕ್ಕೆ ಹೆದರಬಾರದು, ಎಂದೆಲ್ಲ.

ಭಾನುವಾರ ಬೆಳಗ್ಗೆ ತೆರೆದರೆ ಅದೇ ಕೆಂಪು ಹಳದಿ. ಅದೇ ಮಂಡಿನೋವಿನ ಎಣ್ಣೆ. ‘ಅಭಿನಂದನೆಗಳು.’

ನನಗೆ ಪಿತ್ತ ನೆತ್ತಿಗೇರಿತು. “ನಿನ್ನೆ ಹೋಗಿ ಬಾ ಅಂದ್ಯಲ್ಲ, ನೋಡು, ಬಂದು ಕೂತಿದೆ!” ಎಂದು ಅವ್ವನ ಮೇಲೆ ಕೂಗಾಡಿದೆ. ಅವ್ವ ತೆರೆಯನ್ನೊಮ್ಮೆ ನೋಡಿದಳು. “ಬಾ ಅಂದಿದ್ಕೆ ಬಂದದೆ. ನಿನ್ಗಿಂತ ವಾಸಿ. ಸಂತೆಗೆ ಓಗಿ ಬಾ ಅಂದ್ರೆ ನೀನು ಯಾವತ್ತು ಒತ್ತಿಗ್ ಸರಿಯಾಗಿ ಬಂದಿದ್ದೀಯ?” ಅಂದಳು. ಶಾರದ ಪರ್ಸು ಎತ್ತಿಕೊಂಡು ಚಪ್ಪಲಿ ಹುಡುಕತೊಡಗಿದಳು. ಸೈಬರಿಗೆ. ಹೊಸ್ತಿಲಲ್ಲಿ ಅಡ್ಡ ನಿಂತು, ಒಂದೇ ಒಂದು ಫೋನು, ಅಷ್ಟೇ, ಎಂದು ಬೇಡಿಕೊಂಡೆ.

ಚಂದ್ರು ಈ ಸಲ ದೂರದಿಂದಲೇ ನಮ್ಮ ಕಂಪ್ಯೂಟರಿನೊಳಗೆ ಹೊಕ್ಕು ಹುಡುಕಿದ. ಬಾಣದ ಗುರುತು ತಾನಾಗೇ ಓಡಾಡುವುದನ್ನು ಅವ್ವ, ಶಾರದ ಇಬ್ಬರೂ ನಿಂತು ನೋಡಿದರು. ಫೋನಿನ ಸ್ಪೀಕರಿನಲ್ಲಿ ಅವನ ದನಿ ಮನೆಗೆಲ್ಲ ಕೇಳಿತು. “ಭಾವ, ಇದು ನಿಮ್ಮವ್ವ ಮಾಡಿದ್ದಲ್ಲ. ಅವ್ರು ಅನುಮತಿ ಕೊಟ್ಟಿದ್ದು ಬರೀ ಚೀಟಿ ತೋರ್ಸಕೆ. ಒಳಗೆ ಇನ್ನೊಂದು ಪ್ರೋಗ್ರಾಂ ಅದೆ. ನಾವು ಸಹಾಯಕನ್ನ ತೆಗೆದಂಗೆಲ್ಲ ಇದು ವಾಪಸ್ ಕರ್ಕೊಂಡ್ ಬತ್ತಾ ಅದೆ. ಹೆಸರು ಓದ್ತೀನಿ ಇರಿ, ‘ಕವಿಮಿತ್ರ ಉಚಿತ ಅಕ್ಷರ ಪರಿವರ್ತಕ’. ಇದ್ಯಾರ್ ಹಾಕಿದ್ದು?”

ಮನೆಯಲ್ಲಿ ಕವಿ ಇರುವುದು ಒಬ್ಬನೇ. ಹಳೆಯ ಕಾಲದ ಫಾಂಟಿನಲ್ಲಿ ಟೈಪು ಮಾಡಿಟ್ಟಿದ್ದ ನನ್ನ ಕವನಗಳನ್ನು ಈಗಿನ ಯೂನಿಕೋಡಿಗೆ ಬದಲಾಯಿಸಲು ಹಿಂದಿನ ವಾರ ನಾನೇ ಅದನ್ನು ಇಳಿಸಿಕೊಂಡಿದ್ದೆ. ‘ಮುಂದೆ’, ‘ಮುಂದೆ’, ‘ಸಮ್ಮತಿಸಿದ್ದೇನೆ’ ಎಂದು ಓದದೆ ಒತ್ತಿದ್ದೆ. ಅವ್ವನಾದರೂ ಓದಿ ಒತ್ತಿದ್ದಳು. ಆ ಪರಿವರ್ತಕ ನನ್ನ ‘ಒಲವೇ’ಗಳನ್ನೆಲ್ಲ ‘ಒಲೆವೇ’ ಮಾಡಿಟ್ಟಿತ್ತು. ಯಾರೂ ಓದುವವರಿಲ್ಲದ ಕಾರಣ ಅದು ಈವರೆಗೆ ಬೆಳಕಿಗೆ ಬಂದಿರಲಿಲ್ಲ. ಇಬ್ಬರು ಹೆಂಗಸರೂ ನನ್ನನ್ನು ನೋಡಿದರು. “ಬಡ್ಡೀಮಗಂದು, ಉಚಿತ ಅಂತಿತ್ತು” ಅಂದೆ.

ಅವ್ವ ಹಾಲು ತರಲು ಹೊರಗೆ ಹೋದ ಸಮಯ ನೋಡಿ ಪರಿವರ್ತಕವನ್ನೂ ಸಹಾಯಕನನ್ನೂ ಒಟ್ಟಿಗೆ ಕಿತ್ತು, ಬ್ರೌಸರನ್ನು ಮೊದಲಿನ ಸ್ಥಿತಿಗೆ ತಂದು, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದೆ. ಬಿಳೀ ಪುಟ. ಬಲಗಡೆ ಮೂಲೆ ನಿಶ್ಶಬ್ದ.

ಶಾರದ ಕುರ್ಚಿಗೆ ಕೂತು ಅರ್ಜಿ ತುಂಬಿದಳು. ನಾನು ಹಿಂದೆ ನಿಂತಿದ್ದೆ. ಬೇಕಾದ ಶಾಲೆಗಳನ್ನು ಆದ್ಯತೆಯ ಮೇಲೆ ಆರಿಸುವ ಜಾಗ ಬಂತು. ನಮ್ಮ ಬೀದಿಯಿಂದ ನಡೆದುಹೋಗುವಷ್ಟು ಹತ್ತಿರದ ಹೈಸ್ಕೂಲಿನಲ್ಲೇ ಜಾಗ ಖಾಲಿಯಿತ್ತು. ಆಕೆ ಅದನ್ನು ದಾಟಿ ಹೋಗಿ, ಮೊದಲನೆಯದಾಗಿ ಹಳ್ಳಿಮೈಸೂರನ್ನು ಒತ್ತಿದಳು.

“ಇಲ್ಲೇ ಇದೆಯಲ್ಲೇ!” ಅಂದೆ.

“ಇದೆ.”

“ಮತ್ತೆ?”

“ಎರಡು ಬಸ್ಸು ಸಾಕಾಗಿದೆ ರೀ. ಒಂದು ಬಸ್ಸು ಇರಲಿ. ಕಿಟಕಿ ಪಕ್ಕ ಕೂತ್ರೆ ಇಳಿಯೋವರೆಗೂ ಯಾರೂ ನನ್ನ ಏನೂ ಕೇಳಲ್ಲ. ಅಷ್ಟು ಬೇಕು ನನಗೆ.”

ಹಾಲು ಹಿಡಿದು ಬಂದ ಅವ್ವ, “ನಮ್ಮೂರ್ಗಾ? ಒಳ್ಳೇದಾಯ್ತು ಬುಡವ್ವ” ಎಂದು ಒಳಗೆ ಹೋದಳು.

“ನನ್ನನ್ನ ಒಂದು ಮಾತು ಕೇಳಬಹುದಿತ್ತು” ಅಂದೆ. ಅಷ್ಟರಲ್ಲಿ ಶಾರದ ‘ಸಲ್ಲಿಸಿ’ ಒತ್ತಿಯಾಗಿತ್ತು.

ಆಕೆ ಎದ್ದು ಹೋದ ಮೇಲೆ ನಾನು ಆ ಕುರ್ಚಿಯಲ್ಲಿ ಕೂತು ಬಲಗಡೆ ಮೂಲೆಯನ್ನೇ ನೋಡುತ್ತಿದ್ದೆ. ಈ ಮನೆಯಲ್ಲಿ ಏನೇ ಮಾಡುವ ಮುಂಚೆ ಅನುಮತಿ ಕೇಳುತ್ತಿದ್ದವನು ಅವನೊಬ್ಬನೇ. ಅವನನ್ನು ನನ್ನ ಕೈಯಾರೆ ಆಚೆಗೆ ಹಾಕಿದ್ದೆ. ಹೋಗಿ ಬಾ ಅಂತಲೂ ಅಂದಿರಲಿಲ್ಲ.